ಮ್ಯಾಟಡೋರಿನ ನೀರು

ಕತಗಾಲ ದಾಟುವವರೆಗೆ ಸುಮ್ಮನಿರುತ್ತದೆ.
ದೇವಿಮನೆ ಘಟ್ಟದ ಮೂರನೇ ತಿರುವಿಗೆ
ಶುರುವಾಗುತ್ತದೆ ಎಡಮೊಣಕಾಲಿನ ಬಿಸಿ.
ಸೀಟಿನ ಪಕ್ಕದಲ್ಲೇ ಇಂಜಿನ್ನು ಇದರದ್ದು,
ಮೇಲೆ ಎರಡು ಗೋಣಿ ಹಾಸಿದರೂ ಕಾಯುತ್ತದೆ
ಜ್ವರ ಬಂದ ಮಗು ಮಗ್ಗುಲಲ್ಲಿ ಮಲಗಿದಂತೆ.

ಮೀಟರಿನ ಮುಳ್ಳು ಸತ್ತು ಎಂಟು ವರ್ಷ.
ನನ್ನ ಮೊಣಕಾಲೇ ಮೀಟರು.

ಹಿಂದೆ ಹದಿನೆಂಟು ಕ್ರೇಟು ಬಂಗಡೆ, ಎರಡು ಶೆಟ್ಲಿ,
ಐಸು ಕರಗಿ ಬಾಗಿಲ ಸಂದಿಯಿಂದ ತೊಟ್ಟಿಕ್ಕುತ್ತ
ತದಡಿಯಿಂದಲೂ ರಸ್ತೆಯ ಮೇಲೆ ನಮ್ಮ ಜಾಡು.
ಏಳಕ್ಕೆ ಮುಂಚೆ ಶಿರಸಿ ಮುಟ್ಟದಿದ್ದರೆ
ಮೀನಿನ ಕಣ್ಣು ಮಂಕಾಗುತ್ತದೆ.
ಗಿರಾಕಿ ಮೊದಲು ನೋಡುವುದು ಕಣ್ಣನ್ನೇ.

ನಿಲ್ಲಿಸಿದೆ.
ಜಟ್ಟುವಿನ ಕೈ ರೇಡಿಯೇಟರಿನ ಮುಚ್ಚಳದವರೆಗೆ ಹೋಗಿ
ತಾನೇ ಹಿಂದೆ ಬಂತು.
ಹೋದ ಮಳೆಗಾಲದ ಗುರುತು ಇನ್ನೂ ಇದೆ
ಮಣಿಕಟ್ಟಿನಿಂದ ಮೊಣಕೈತನಕ, ನುಣ್ಣಗೆ, ಗುಲಾಬಿ.

ಏನೆಲ್ಲ ಮಾಡಿಸಿಲ್ಲ ಇದಕ್ಕೆ!
ಕುಮಟೆಯವ ಬೆಲ್ಟು ಬಿಗಿದ.
ಗೋಕರ್ಣದವ ಥರ್ಮೋಸ್ಟಾಟು ಕಿತ್ತೆಸೆದು
‘ನಮ್ಮ ಸೆಕೆಗೆ ಇದೆಲ್ಲ ಎಂತಕ್ಕೆ?’ ಅಂದ.
ಅಂಕೋಲೆಯವ ಹೆಡ್ ಗ್ಯಾಸ್ಕೆಟ್ ಅಂದ,
ಹನ್ನೊಂದು ಸಾವಿರ ಎಣಿಸಿಕೊಂಡ.
ಮಾದೇವಿ ಕನ್ನಡಿಗೆ ಲಿಂಬೆಹಣ್ಣು ಕಟ್ಟಿದಳು.
ಎಲ್ಲರಿಗಿಂತ ಅಗ್ಗ ಅದು.

ತಣಿಸಿ, ಹತ್ತಿಸಿ, ತಣಿಸಿ, ಬಂಡಲ.
ಇನಾಸ ಹಲ್ಲುಜ್ಜುತ್ತಿದ್ದ.
ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಮುಂದಿನ ಜಾಲರಿ ತೆಗೆದ,
ಏನೂ ಕೇಳಲಿಲ್ಲ.
ಮೇಲಿನ ಪೈಪು ಮುಟ್ಟಿ ಚುರ್ ಅಂತ ಕೈ ಎಳೆದುಕೊಂಡ.
ಕೆಳಗಿನ ಪೈಪು ಹಿಡಿದ, ಹಿಡಿದೇ ಇದ್ದ.
ಆಮೇಲೆ ಅಂಗೈಯನ್ನು ರೇಡಿಯೇಟರಿನ ಹತ್ತಿರ
ಮೆಲ್ಲಗೆ ಸರಿಸುತ್ತ ಬಂದ:
ಇಲ್ಲಿ ಬೆಂಕಿ, ಇಲ್ಲೂ ಬೆಂಕಿ,
ಇಲ್ಲಿ, ನಡುವೆ, ಹೆಣದ ಹಾಗೆ ತಣ್ಣಗೆ.
ನೊರೆ ಉಗಿದು ಅಂದ, ‘ನೀರು ತಿರುಗ್ತಾ ಇಲ್ಲ.’

ಬಿಚ್ಚಿ, ತಲೆಕೆಳಗು ಮಾಡಿ ಕುಟ್ಟಿದ.
ಉದುರಿತು ಬಿಳಿ.
ಮೊದಲು ಮೊಟ್ಟೆ ಚಿಪ್ಪಿನಂಥ ಚೂರು,
ಆಮೇಲೆ ತುಕ್ಕಿನ ಕೆಂಪು ಬೆರೆತ ಪುಡಿ.
‘ಸಾಣಿಕಟ್ಟೆ ಆಗರ ಇದರೊಳಗೇ ಉಂಟಲ್ಲ ಮಾರಾಯ,
ಮೀನು ಯಾಕೆ ಮಾರ್ತೆ? ಇದನ್ನೇ ಮಾರು.’
ಜಟ್ಟು ನಕ್ಕ. ನಾನೂ ನಕ್ಕೆ.

‘ಎಲ್ಲಿಯ ನೀರು ಹಾಕೂದು?’
ಮನೆಯ ಬಾವಿಯದು ಅಂದೆ.
ಹೊಳೆಯದ್ದಲ್ಲ, ದೇವರಾಣೆ, ನಾವು ಕುಡಿಯುವ ನೀರು.
ಸೀಟಿನ ಕೆಳಗಿನ ಕ್ಯಾನು ಎಳೆದು
ಅಂಗೈಗೆ ಬಗ್ಗಿಸಿಕೊಂಡು
ಒಂದು ಗುಟುಕು ಬಾಯಲ್ಲಿ ಹೊರಳಾಡಿಸಿ
ಉಗಿದ.

‘ಇದನ್ನು ಕುಡೀತ್ರಾ?’

ಕುಡಿಯುತ್ತೇವೆ.
ಗಜನಿಯ ಕಟ್ಟು ಒಡೆದ ವರ್ಷದಿಂದಲೂ ಕುಡಿಯುತ್ತಿದ್ದೇವೆ.
ಗಂಜಿಗೆ ಉಪ್ಪು ಹಾಕುವುದನ್ನು ಮಾದೇವಿ
ಯಾವಾಗ ಬಿಟ್ಟಳು? ನನಗೆ ನೆನಪಿಲ್ಲ.
ಅಳಿಯ ಬಂದವ ಚಹಾ ಅರ್ಧಕ್ಕೇ ಬಿಟ್ಟೆದ್ದ,
ಸೊಕ್ಕು ಅಂದುಕೊಂಡೆವು.
ಚೆಂಬಿನ ಒಳಗಿನ ಬಿಳಿ ಗೆರೆಯನ್ನು
ತೊಳೆಯದೆ ಉಳಿದ ಸೋಪು ಅಂದುಕೊಂಡೆವು.
ದಿನಕ್ಕಿಷ್ಟು ಅಂತ ಬಂದರೆ
ನಾಲಿಗೆ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ.
ಇಂಜಿನ್ನು ಒಪ್ಪಲಿಲ್ಲ.
ನಾನು ಅದರ ಮೇಲೇ ರೇಗುತ್ತಿದ್ದೆ.

ಕೊಳವೆ ಕೊಳವೆಗೂ ಸಲಾಕೆ ತೂರಿಸಿದ ಇನಾಸ.
ಎರಡು ಉಳಿಯಲಿಲ್ಲ, ಬೆಸುಗೆ ಹಾಕಿ ಮುಚ್ಚಿದ.
ಯಾವುದೋ ಗುಜರಿ ಗಾಡಿಯ ಥರ್ಮೋಸ್ಟಾಟನ್ನು
ಕುದಿವ ಪಾತ್ರೆಗೆ ಬಿಟ್ಟು
ಅದು ನಿಧಾನ ಕಣ್ಣು ತೆರೆಯುವುದನ್ನು ತೋರಿಸಿದ.
‘ಇದು ಬೇಕು. ಬಿಸಿಯೂ ಬೇಕು ಇಂಜಿನ್ನಿಗೆ,
ಹದ ತಪ್ಪಬಾರದು ಅಷ್ಟೆ.’

ಅಷ್ಟರಲ್ಲಿ ಜಟ್ಟು
ಬಸ್ಸಿಗೆ ಕಾಯುತ್ತಿದ್ದವರಿಗೆ, ಶಾಲೆಯ ಮಾಸ್ತರರಿಗೆ
ನಾಲ್ಕು ಕ್ರೇಟು ಮಾರಿದ್ದ, ಅರ್ಧ ಬೆಲೆಗೆ.
ಉಳಿದದ್ದು ಶಿರಸಿಯಲ್ಲಿ ಕೇಳಿದ ಬೆಲೆಗೆ.
ಲೆಕ್ಕ ಹಾಕಲಿಲ್ಲ.

ಇಳಿಯುವಾಗ ಮೊಣಕಾಲು ತಣ್ಣಗಿತ್ತು.
ಅಭ್ಯಾಸಬಲ, ಎರಡು ಸಲ ಮುಟ್ಟಿ ನೋಡಿದೆ.
ಖಾಲಿ ಕ್ರೇಟುಗಳ ನಡುವೆ ಕುಲುಕಾಡುತ್ತ
ಇನಾಸನ ಬಾವಿಯ ನೀರು, ಎರಡು ಕ್ಯಾನು.
ಒಂದು ಗಾಡಿಗೆ ಅಂದಿದ್ದ.
ಇನ್ನೊಂದು ಯಾರಿಗೆಂದು
ಅವನು ಹೇಳಲಿಲ್ಲ, ನಾನು ಕೇಳಲಿಲ್ಲ.

ರಾತ್ರಿ ಮಾದೇವಿ ಒಂದು ಲೋಟ ಕುಡಿದು
ಲೋಟದೊಳಗೆ ಇಣುಕಿ ನೋಡಿ
‘ಸಪ್ಪೆ’ ಅಂದಳು.