ರಸೀದಿ ನಂಬರ್ ೪೧೭

ಬ್ರಹ್ಮಪುರದ ಗಲ್ಲಿಯಾಗ ನನ್ನ ರೊಟ್ಟಿ ಅಂಗಡಿ.
ದಿನಕ್ಕ ಮುನ್ನೂರು. ಲಗ್ನದ ದಿನದಾಗ ಸಾವಿರ.
ಹಂಚು ಕಾದು ಕೆಂಪಾದ ಹೊತ್ತಿಗೇ ಬಂದ ಅಂವ,
ಕೊರಳಾಗ ಕಾರ್ಡು, ಬಗಲಾಗ ರಸೀದಿ ಬುಕ್ಕು.
"ಚಿತ್ತಾಪುರದಾಗ ಕಣ್ಣು ಕಾಣದ ಮಕ್ಕಳ ಸಾಲಿ ಅದ ಅಕ್ಕಾ,
ಇಪ್ಪತ್ಮೂರು ಮಕ್ಕಳು" ಅಂದ. ಫೋಟೋ ತೋರಿಸಿದ.
ಹಿಟ್ಟಿನ ಕೈಲೆ ಐವತ್ತು ಕೊಟ್ಟೆ.
ಹರಿದು ಕೊಟ್ಟ ಚೀಟಿ ಮ್ಯಾಲೆ
ನನ್ನ ಹೆಬ್ಬೆಟ್ಟಿನ ಬಿಳಿ ಕೂತಿತು.

ಜ್ವಾಳದ ಡಬ್ಬಿಯಾಗ ಐದು ಸಾವಿರ ಬ್ಯಾರೆ ಇತ್ತು,
ತಂಗಿ ನೀಲವ್ವನ ಹೆಸರಿಲೆ ಎಲ್ಲರೆ ಮುಟ್ಟಿಸಬೇಕಂತ ಕೂಡಿಸಿದ್ದು.
ಕಡೀ ಎರಡು ವರ್ಷ ಆಕಿ ಗ್ವಾಡಿ ಹಿಡಿದೇ ನಡೆದಾಕಿ.
"ಮುಂದಿನ ವಾರ ಬಾರಪ್ಪ" ಅಂದಿದ್ದೆ ಅಂವಗ.

ಸಂಜಿಮುಂದ ಬಾಜೂಕಿನ ಟೇಲರ್ ಮಕಬೂಲ ಸಾಬ್
ಮಷೀನಿನ ಡ್ರಾದಾಗಿಂದ ತನ್ನದೂ ತಗದ.
ಅವನದು ನಾಕನೂರಾ ಹದಿನೇಳು.
ನಂದೂ ನಾಕನೂರಾ ಹದಿನೇಳು.
ಎರಡು ಮನಿಗೆ ಒಂದೇ ನಂಬರಿನ ಪುಣ್ಯ!

"ಬಿಡವ್ವ ಬಿಡು, ಕೊಟ್ಟದ್ದು ಕೊಟ್ಟಂಗಾಯ್ತು,
ಮ್ಯಾಲಿನವ ನೋಡ್ಕೋತಾನ" ಅಂದ ಸಾಬ್.
ಮ್ಯಾಲಿನವ ಮ್ಯಾಲಿಂದ ನೋಡ್ತಾನ, ಖರೆ.
ಕೆಳಗಿನ ಮಗ್ಗಲು ಯಾರು ನೋಡಬೇಕು?
ಮೂವತ್ತೊಂದು ವರ್ಷ ರೊಟ್ಟಿ ಬಡದೀನಿ,
ಉಬ್ಬಿದ್ದಷ್ಟೇ ನೋಡಿ ಬೆಂದದ ಅಂತ
ಒಂದೂ ಇಳಿಸಿಲ್ಲ.

ಶುಕ್ರವಾರ ಹಂಚು ಆರಿಸಿ ಬಸ್ಸು ಹತ್ತಿದೆ.
ಶಹಾಬಾದ ದಾಟೂತನಕ ಫರಸಿ ಕಲ್ಲಿನ ಧೂಳು,
ಸೆರಗಿನಾಗ ರಸೀದಿ, ಒಳಗಂಟಿನಾಗ ರೊಕ್ಕ.
ಚಿತ್ತಾಪುರದಾಗ ಪಾನ್ ಡಬ್ಬಿಯವ "ಅಂಥಾದ್ದಿಲ್ಲ" ಅಂದ.
ಬಸ್ ಸ್ಟ್ಯಾಂಡಿನ ಚಾದಾಕಿ "ಅದ" ಅಂದ್ಲು,
ಕೈಯಾಗಿನ ಸೌಟಿಲೆ ಹಾದಿ ತೋರಿಸಿದ್ಲು.

ಇತ್ತು. ಬಣ್ಣ ಹೋದ ಬೋರ್ಡು, ಬೇವಿನ ಗಿಡ,
ಗಿಡದಿಂದ ಬಾಗಿಲತನಕ ಕಟ್ಟಿದ ಹಗ್ಗ.
ನೋಡಿಕೊಳ್ಳಾಕಿ ಜೈತುನಬಿ ರಸೀದಿ ಹಿಡಿದು ಸುಮ್ಮನ ಕುಂತ್ಲು.
"ಹೆಸರು ನಮ್ಮದು. ಫೋಟೋ ನಮ್ಮದು.
ಮನಷಾ ನಮ್ಮಾಂವಲ್ಲ."
ಟ್ರಂಕ್ ತೆರೆದು ಕಾಗದ ಹಾಸಿದ್ಲು:
ನೋಂದಣಿ, ಲೆಕ್ಕಪತ್ರ, ಬ್ಯಾಂಕಿನ ಪಾಸ್‌ಬುಕ್ಕು.
ನನಗ ಓದಾಕ ಬರೋದು ಬಸ್ಸಿನ ಬೋರ್ಡಷ್ಟೇ.
ಅದಕ್ಕ ನಾ ತಾಟು ಎಣಿಸಿದೆ. ಹತ್ತೊಂಬತ್ತು.
ಹಾಸಿಗಿ ಹತ್ತೊಂಬತ್ತು. ತಲಿ ಹತ್ತೊಂಬತ್ತು.
ಅಡಗಿ ಮನಿ ಚೀಲಕ್ಕ ಮೊಳಕೈತನಕ ಕೈ ಹಾಕಿದೆ:
ಜ್ವಾಳ ಹುಳ ಹಿಡಿದಿಲ್ಲ.
ನಾಕು ಮಕ್ಕಳನ್ನ ಅಂವ
ಹಾದಿ ಮ್ಯಾಗೇ ಹಡದಿದ್ದ.

ದೇವಿಂದ್ರ ಅಂತ ಒಬ್ಬ ಹುಡುಗ, ಒಂಬತ್ತು ವರ್ಷದಾಂವ,
"ತೋರಸ್ರಿ" ಅಂತ ಚೀಟಿ ಇಸಗೊಂಡ.
ಬೆರಳು ಆಡಿಸಿದ. ತಿರುವಿದ. ಮತ್ತ ಆಡಿಸಿದ.
"ಇದರಾಗ ಏನೂ ಬರದಿಲ್ರೀ."

ಆಮ್ಯಾಲೆ ಜೈತುನಬಿ ನನ್ನ ಕಡಿ ಹೊಳ್ಳಿದ್ಲು.
"ನೀವ್ಯಾರು? ಯಾರ ರೊಕ್ಕ ಇದು?
ಫೋಟೋ ತಗಸ್ಕೋತೀರೇನು?
ಹ್ವಾದ ವರ್ಷ ಒಬ್ಬರು ಹತ್ತು ಕಂಬಳಿ ಕೊಟ್ಟು
ನಲವತ್ತು ಫೋಟೋ ಒಯ್ದರು."
ಸಿಟ್ಟು ಬಂತು ಒಂದು ಗಳಿಗಿ.
ನಾ ಅವರ ಚೀಲಕ್ಕ ಕೈ ಹಾಕಿದಾಕಿ,
ಆಕಿ ನನ್ನ ಗಂಟಿಗೆ ಹಾಕಬಾರದೇನು?
ನೀಲವ್ವನ ಹೆಸರು ಹೇಳಿದೆ. ಬರಕೊಂಡ್ಲು.

ಎರಡು ಸಾವಿರ ಕೊಟ್ಟೆ, ಮೂರು ವಾಪಸ್ ತಂದೆ.
"ಇನ್ನೊಮ್ಮೆ ಬರ್ತೀನಿ, ಹೇಳದ ಬರ್ತೀನಿ" ಅಂದೆ.
"ಬರ್ರಿ. ಬರೂಮುಂದ ರೊಟ್ಟಿ ತರ್ರಿ" ಅಂದ್ಲು.

ಅಂವ ಮುಂದಿನ ವಾರ ಬರಲಿಲ್ಲ.
ಗಲ್ಲಿಯವರಿಗೆ ಗೊತ್ತಾದದ್ದು ಅಂವಗೂ ಗೊತ್ತಾಗಿರಬೇಕು.
ನಂದು, ಮಕಬೂಲಂದು, ಎರಡೂ ಚೀಟಿ
ಬಾಗಿಲ ಮೊಳಿಗೆ ಚುಚ್ಚೀನಿ.
ಏನಿದು ಅಂತ ಗಿರಾಕಿ ಕೇಳ್ತಾರ.
ಹೇಳಕೋತ ಕುಂತರ ಹಂಚಿನಾಗ ರೊಟ್ಟಿ ಹೊತ್ತತಾವ.
ತಡೀರಿ ಅಂತೀನಿ,
ಇದೊಂದು ತಿರುವಿ ಹಾಕ್ತೀನಿ.