ಹೊಟ್ಟೆಗೆ ಹಾಕಿಕೊ

ಥುರಯ್ಯಾ ಕುಡಿದ ಹಾಲು ಕುತ್ತಿಗೆಯಿಂದ ಹೊರಗೆ ಬರುತ್ತದೆ.
ಎಡಗಡೆ, ಕಾಲರ್ ಮೂಳೆಯ ಮೇಲೆ
ಸರ್ಜನ್ ತೆರೆದ ಇನ್ನೊಂದು ಬಾಯಿ, ಬಟಾಣಿಯಷ್ಟು.
ಗಾಜ್ ಮಡಿಸಿ ಹಿಡಿದಿದ್ದೇನೆ.
ಬೆಚ್ಚಗೆ ಒದ್ದೆಯಾಗುತ್ತಿದೆ.

ಸೊಹಾರ್, ರಾತ್ರಿ ಎರಡು, ಮಕ್ಕಳ ಸರ್ಜರಿ ವಾರ್ಡು.
ಕಿಟಕಿಯಾಚೆ ರಿಫೈನರಿಯ ಬೆಂಕಿ
ಯಾರಿಗೂ ಅಡುಗೆ ಮಾಡದೆ ಉರಿಯುತ್ತಿದೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಿದ್ದಳು ನಮ್ಮವ್ವ,
ಬೀದರಿನ ಮಿಷನ್ ಆಸ್ಪತ್ರೆಯ ಆಯಾ,
ಎಲ್ಲ ನಷ್ಟಕ್ಕೂ ಅದೊಂದೇ ಮಾತು.
ಬಾಯಿಗೆ ಬಂದು ಹೊಟ್ಟೆಗೆ ಹೋಗದ್ದಕ್ಕೆ
ಅವಳ ಹತ್ತಿರ ಗಾದೆ ಇರಲಿಲ್ಲ.

ಅನ್ನನಾಳ ಕಟ್ಟುತ್ತಿದ್ದವನು ಅರ್ಧಕ್ಕೇ ಎದ್ದುಹೋಗಿದ್ದಾನೆ.
ಮೇಲೊಂದು ಕುರುಡು ಚೀಲ, ಕೆಳಗೊಂದು ಮೋಟು,
ನಡುವೆ ಬರೀ ಬಯಲು. ಡಾಕ್ಟರು ಎಕ್ಸ್‌ರೇ ದೀಪಕ್ಕೆ ಹಿಡಿದು
ಬೆನ್ನುಮಣಿಗಳಲ್ಲಿ ಅಳೆದರು: ಐದು.
ಈಗ ಜೋಡಿಸಲಾಗದು. ಬೆಳೆಯಲಿ, ಒಂದು ವರ್ಷ.
ಅಲ್ಲಿಯವರೆಗೆ ಹೊಟ್ಟೆಗೇ ನೇರ ನಳಿಗೆ.

ಹಾಗಾದರೆ ಬಾಯಿಗೆ ಯಾಕೆ, ಎಂದಳು ಷಮ್ಸಾ, ತಾಯಿ.
ಕೂಸಿಗೆ ಸುಳ್ಳು ಉಣಿಸುವುದು ಯಾಕೆ?

ನನ್ನ ಅರಬ್ಬಿ ಮುರುಕು.
ಅವಳು ಗಂಟಲು ಮುಟ್ಟಿಕೊಂಡು ‘ಹಲ್ಕ್’ ಅಂದಳು.
ಅರೆ, ನಮ್ಮ ಹಲಕ!
ಗವಾನ್ ಚೌಕದ ಮುದುಕರು ಕೆಮ್ಮಿನ ಔಷಧಿ ಕೇಳುವಾಗ
ಉಜ್ಜಿ ಉಜ್ಜಿ ತೋರಿಸುತ್ತಿದ್ದ ಅದೇ ಹಲಕ.
ಮಾತು ಅಲ್ಲಿಂದ ಶುರುವಾಯಿತು.

ನುಂಗುವುದು ಮರೆತರೆ, ಷಮ್ಸಾ,
ನಾಳೆ ದಾರಿ ಕಡಿದು ಕೊಟ್ಟರೂ ಇವಳಿಗೆ ನಡೆಯಲು ಬರುವುದಿಲ್ಲ.
ನಾಲಿಗೆಗೆ ರುಚಿ ತಾಗಿದಾಗಲೇ ಹೊಟ್ಟೆ ತುಂಬಬೇಕು.
ಇಬ್ಬರೂ ಮುಖ ನೋಡಿಲ್ಲ,
ಪರಿಚಯವಾದರೂ ಇರಲಿ.

ನೀನು ಬಾಟಲಿ ಹಿಡಿ, ನಾನು ಸಿರಿಂಜು.
ಒಳಗಿನ ದಂಡ ತೆಗೆದ ಖಾಲಿ ಕೊಳವೆ.
ಎತ್ತಿದರೆ ಹಾಲು ಇಳಿಯುತ್ತದೆ,
ಕೂಸು ಅತ್ತರೆ ವಾಪಸು ಏರುತ್ತದೆ.
ಆಗ ತಳ್ಳಬಾರದು. ಕಾಯಬೇಕು.
ಹದಿನೇಳು ವರ್ಷದ ಸರ್ವಿಸಿನಲ್ಲಿ ನಾನು ಕಲಿತದ್ದು
ಎಷ್ಟು ಎತ್ತರಕ್ಕೆ ಹಿಡಿಯಬೇಕೆಂಬುದಷ್ಟೇ.

ಮೊದಲ ವಾರವೆಲ್ಲ ಅವಳು ಗಾಜ್ ಕಡೆ ನೋಡಲಿಲ್ಲ.
ಪಂಪಿಗೆ ಎದೆಯೊಡ್ಡಿ ಕೂತು ಹಿಂಡಿದ್ದು ಅರವತ್ತು ಮಿಲಿ,
ಅದರಲ್ಲಿ ಇಪ್ಪತ್ತು ಬಟ್ಟೆಗೆ.
ಹರಾಮ್ ಅಂದಳು ಒಮ್ಮೆ.
ನನಗೋ, ತನಗೋ, ತಿಳಿಯಲಿಲ್ಲ.
ನಾನು ಕೂಸಿನ ಕುತ್ತಿಗೆ ಒರೆಸಿ
ಜೊಲ್ಲು ತಿಂದ ಚರ್ಮಕ್ಕೆ ಸತುವಿನ ಮುಲಾಮು ಹಚ್ಚಿದೆ.
ನಳಿಗೆಯ ಸುತ್ತ ಹೊಲಿಗೆ ಎಣಿಸಿದೆ, ಆರು.
ಥುರಯ್ಯಾ ಅಂದರೆ ಕೃತ್ತಿಕೆಯಂತೆ.

ಬಸುರಿಯಲ್ಲಿ ಏನು ತಿಂದೆ, ಯಾವ ಭಾರ ಎತ್ತಿದೆ
ಎಂದು ಸಹಮ್‌ನಿಂದ ಅತ್ತೆ ಫೋನು.
ನೀನು ಬಸುರಿಯೆಂದು ನಿನಗೇ ಗೊತ್ತಾಗುವಷ್ಟರಲ್ಲಿ
ಆಗಿಹೋದದ್ದು ಇದು, ಅಂದೆ.
ತಲೆಯಾಡಿಸಿದಳು, ನಂಬಲಿಲ್ಲ.
ನಮ್ಮಲ್ಲಿ ಮನ್ನಿಸು ಅನ್ನಲು
ಹೊಟ್ಟೆಗೆ ಹಾಕಿಕೊ ಅನ್ನುತ್ತಾರೆ.
ಅದನ್ನು ಈ ವಾರ್ಡಿನಲ್ಲಿ, ಈ ಮಂಚದ ಪಕ್ಕ ನಿಂತು
ಯಾವ ಅರಬ್ಬಿಯಲ್ಲಿ ಹೇಳಲಿ?

ಇವತ್ತಿಗೆ ನಲವತ್ತೊಂದನೇ ದಿನ.
ನಳಿಗೆಯ ಕ್ಲಾಂಪು ಟಕ್ಕೆಂದರೆ ಸಾಕು,
ನಿಪ್ಪಲ್ಲು ತಾಗುವ ಮೊದಲೇ ತುಟಿ ಹೊರಳಿಸುತ್ತಾಳೆ ಕಳ್ಳಿ.
ಬಾಟಲಿಯೂ ಸಿರಿಂಜೂ ಷಮ್ಸಾಳ ಕೈಯಲ್ಲೇ,
ನನ್ನ ಪಾಲಿಗೆ ಗಾಜ್ ಮಾತ್ರ.
ಕೂಸಿನ ಹುಬ್ಬು ಗಂಟಾಯಿತು.
ನಾನು ಬಾಯಿ ತೆರೆಯುವ ಮೊದಲೇ
ಅವಳ ಬಲಗೈ ನಾಲ್ಕು ಬೆರಳು ಕೆಳಗಿಳಿಯಿತು.
ಹಾಲು ಕೊಳವೆಯಲ್ಲಿ ನಿಂತಿತು.
ಅಳು ಬರಲಿಲ್ಲ. ಕೈ ಮತ್ತೆ ಏರಿತು.

ಸಲೂಮಾ, ಹೋಗು, ನೀನು ಉಂಡಿಲ್ಲ, ಅಂದಳು.
ಸಾಲೋಮಿ ಎಂಬ ನನ್ನ ಹೆಸರನ್ನು
ಅವಳು ತನ್ನ ಊರಿನದಾಗಿ ಮಾಡಿಕೊಂಡಿದ್ದಾಳೆ.

ಪ್ಯಾಂಟ್ರಿಯಲ್ಲಿ ನಿನ್ನೆಯ ಜೋಳದ ರೊಟ್ಟಿ, ಒಣಗಿ ಸೆಟೆದದ್ದು.
ಮುರಿದು ಚಟ್ನಿಪುಡಿಗೆ ಒತ್ತಿ ಬಾಯಿಗಿಟ್ಟೆ.
ನೀರು ಕುಡಿದೆ.
ಇಳಿಯಿತು.
ಯಾರೂ ಚಾರ್ಟಿನಲ್ಲಿ ಬರೆದುಕೊಳ್ಳಲಿಲ್ಲ.