ಹದಿನೆಂಟನೇ ಅಧ್ಯಾಯ ಬಿಟ್ಟು

ಬೋಟುಗಳೆಲ್ಲ ಮಲ್ಪೆ ದಕ್ಕೆಯಲ್ಲಿ
ಮೈಗೆ ಮೈ ತಾಗಿಸಿ ಕಟ್ಟಿಸಿಕೊಂಡಿವೆ.
ಅರವತ್ತೊಂದು ದಿನ ಎಂತ ಕೆಲಸವೂ ಇಲ್ಲ.
ಐಸ್ ಪ್ಲಾಂಟಿನ ಲೆಕ್ಕದ ಮೇಜಿಗೆ ನಾನೊಬ್ಬಳು ಬರುತ್ತೇನೆ
ಫೋನು ಬಂದರೆ "ಐಸ್ ಇಲ್ಲ" ಎನ್ನಲಿಕ್ಕೆ.
ಫೋನು ಬರುವುದಿಲ್ಲ.

ಡ್ರಾಯರಿನಲ್ಲಿ ಎರಡನೆಯ ಸಂಪುಟ.
ನಮ್ಮದೇ ತಕ್ಕಡಿಯಲ್ಲಿ ತೂಗಿ ನೋಡಿದ್ದೇನೆ,
ಒಂಬೈನೂರ ಇಪ್ಪತ್ತು ಗ್ರಾಂ.
ಮುಖಪುಟದ ತುಂಬ ಕತ್ತಿ, ರಕ್ತ, ಅಂಗಿಯಿಲ್ಲದ ಗಂಡಸು.
ನಲವತ್ತಾರು ತುಂಬಿದವಳು
ಶಾಲೆ ಹುಡುಗಿಯ ಹಾಗೆ ಬೈಂಡು ಹಾಕಿದ್ದೇನೆ;
ಸೊಸೈಟಿ ಬ್ಯಾಂಕಿನ ಕ್ಯಾಲೆಂಡರಿನ ಮಾರ್ಚ್ ತಿಂಗಳು ಹೊರಗೆ,
ಯುದ್ಧ ಒಳಗೆ.

ಉಪ್ಪು ಮಾರುವವನ ಮಗಳು ವೆಹ್ರಿನ್.
ಬೆಂಕಿಯಲ್ಲಿ ಬಾಗಿಲು ತೆರೆಯುವ ವಿದ್ಯೆ ಕಲಿತವಳು.
ಒಂದು ಬಾಗಿಲಿಗೆ ಒಂದು ನೆನಪು ಬೆಲೆ,
ಚೌಕಾಸಿ ಇಲ್ಲ.
ಮೊದಲ ಸಂಪುಟದಲ್ಲಿ ಎಷ್ಟು ಬಾಗಿಲು ತೆರೆದಳೆಂದರೆ
ಎರಡನೆಯದಕ್ಕೆ ಬರುವಾಗ
ಮೊದಲನೆಯದೇ ಅವಳಿಗೆ ನೆನಪಿಲ್ಲ.

ನೆರೆ ನೀರಿನಿಂದ ಅವಳನ್ನು ಎತ್ತಿದ ಅಂಬಿಗ
ಸಂತೆಯಲ್ಲಿ ಎದುರಾದ, ನಕ್ಕ.
ಅವಳು ಚೂರಿ ತೆಗೆದಳು.
"ಅವನೇ ಮಾರಾಯ್ತಿ ಅವನು!"
ಎಂದು ನಾನು ಕೂಗಿದ್ದು
ಖಾಲಿ ಐಸ್ ಪ್ಲಾಂಟಿನಲ್ಲಿ ಎರಡು ಸಲ ಕೇಳಿತು.

ಮುಂದಿನ ಅಧ್ಯಾಯದಲ್ಲಿ ಹಿತ್ತಾಳೆಯ ಮೂಗಿನವನೊಬ್ಬ ಬಂದ.
ಸಭೆಯೇ ಎದ್ದು ನಿಂತಿತು.
ನನಗೆ ಅವನು ಯಾರೆಂದೇ ಗೊತ್ತಾಗಲಿಲ್ಲ.
ಮೊದಲ ಸಂಪುಟ ಓದಿ ಮೂರು ವರ್ಷ.
ಬೆಂಕಿಯ ಬಾಗಿಲು ಒಂದನ್ನೂ ತೆರೆದವಳಲ್ಲ ನಾನು,
ಡೀಸೆಲ್ ಬಿಲ್ಲು, ಚಿನ್ನದ ಸಾಲ,
ಕೀಳಿಸಿಕೊಂಡ ಒಂದು ದವಡೆ ಹಲ್ಲು,
ಇಷ್ಟರಲ್ಲೇ ಹೋಯಿತು.

ಪಕ್ಕದ ಶೆಡ್ಡಿನಲ್ಲಿ ಚಂದು ತಿಂಗಳಾಯರು ಬಲೆ ಹೆಣೆಯುತ್ತಾರೆ.
ಅಕ್ಷರ ಎರಡನೇ ಕ್ಲಾಸಿನವರೆಗೆ.
ಆ ರಜೆಯಲ್ಲಿ ದಿನಕ್ಕೊಂದು ಅಧ್ಯಾಯ ಅವರಿಗೆ ಹೇಳಿದ್ದೆ.
ವೆಹ್ರಿನ್ ಅವರ ಬಾಯಲ್ಲಿ ವಾರಿಜ ಆಗಿದ್ದಳು.
"ಹಿತ್ತಾಳೆ ಮೂಗಿನವ ಯಾರು ಚಂದಣ್ಣ?"
ನೂಲು ಹಲ್ಲಿನಿಂದ ಬಿಡಿಸಿಕೊಂಡು ಹೇಳಿದರು:
"ಉಪ್ಪಿನ ಗೋಣಿಯಲ್ಲಿ ಮಗು ಅಡಗಿಸಿದವ ಅಲ್ವಾ?
ಮೂಗು ಆಗ ಮಾಂಸದ್ದೇ ಇತ್ತು.
ನೀನೇ ಹೇಳಿದ್ದು. ಆ ವರ್ಷ ಹಸಿರು ನೂಲು,
ಬೆಳಿಗ್ಗೆಯಿಂದ ಇಪ್ಪತ್ತು ಕಣ್ಣೂ ಆಗಿರಲಿಲ್ಲ."

ಆಮೇಲೆ ಸಂಜೆ ಸಂಜೆ ಇದನ್ನೂ ಹೇಳತೊಡಗಿದೆ.
ಮುತ್ತಿಗೆ ಹೇಳಿದೆ, ವಿಷ ಹೇಳಿದೆ,
ತಲೆ ಕಡಿದದ್ದನ್ನು ಬೇಕಾದಷ್ಟು ವಿವರವಾಗಿ ಹೇಳಿದೆ.
ಅವರು ಸೂಜಿ ನಿಲ್ಲಿಸಿದರು.
"ಹದಿನೇಳು ಆಯ್ತು. ಇವತ್ತಿನದು ಹತ್ತೊಂಬತ್ತು ಅಂದಿ."
"ಹದಿನೆಂಟರಲ್ಲಿ ಎಂತ ಇಲ್ಲ."
"ಎಂತ ಇಲ್ಲದ್ದಕ್ಕೆ ನಿನ್ನ ಮುಖ ಯಾಕೆ ಹಾಗೆ?"

ಇತ್ತು. ಅಂಬಿಗ, ಗುಹೆ, ಒದ್ದೆ ಕಂಬಳಿ, ಹನ್ನೊಂದು ಪುಟ.
ನಾನದನ್ನು ಎರಡು ಸಲ ಓದಿದ್ದೆ,
ಎರಡನೆಯ ಸಲ ಬಾಗಿಲು ಹಾಕಿಕೊಂಡು.
"ಆ ಹುಡುಗಿ, ಆ ಹುಡುಗ... ಹಾಗೆಯೇ" ಎಂದೆ.
ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ.
ಬಲೆಯನ್ನು ತೊಡೆಯ ಮೇಲೆ ಸ್ವಲ್ಪ ಎಳೆದುಕೊಂಡರು.
"ವಾರಿಜಳಿಗೆ ಅದಾದರೂ ನೆನಪುಂಟಾ ಈಗ?"

ಹೊಳೆದೇ ಇರಲಿಲ್ಲ ನನಗೆ.
ಇಪ್ಪತ್ಮೂರರಲ್ಲಿ ಮತ್ತೊಂದು ಬಾಗಿಲು ತೆರೆದಿದ್ದಾಳೆ,
ಯಾವ ನೆನಪು ಕೊಟ್ಟಳೆಂದು ಬರೆದಿಲ್ಲ.
ಮೂರನೆಯದು ಬರಬೇಕು,
ಬರೆಯುವವರು ಬರೆಯಬೇಕು, ನಾವಿರಬೇಕು.

"ಹಾಗಾದರೆ ಹೇಳು" ಎಂದರು ತಿಂಗಳಾಯರು,
"ಒಬ್ಬರ ಹತ್ತಿರವಾದರೂ ಇರಲಿ."

ಸ್ಟೂಲು ಎಳೆದು ಕೂತೆ.
ಮಾರ್ಚ್ ತಿಂಗಳನ್ನು ಬಿಡಿಸಿದೆ.
ಶೀಟಿನ ಮೇಲೆ ಮಳೆ ಇನ್ನೂ ಸ್ವಲ್ಪ ಜೋರಾಗಲಿ ಎಂದು
ಕಾಯುತ್ತಿದ್ದೇನೆ.